ನಲವತ್ತೊಂದು ಬೆಳಗಿನ ತಿದ್ದುಪಡಿ

ಕಳೆದ ವಾರ ಕಾರಿನ ವೈಪರ್ ಬದಲಾಯಿಸಲು ಶರಣಪ್ಪನ ಅಂಗಡಿಗೆ ಹೋಗಿದ್ದೆ. ಮುಲುಂಡ್ ಚೆಕ್‌ನಾಕಾ ಹತ್ತಿರ, ಒಂದೇ ಶಟರಿನಷ್ಟು ಅಗಲದ ಅಂಗಡಿ. ಅವನು ಯಾವುದೋ ಟೆಂಪೋದ ಹಾರ್ನ್‌ಗೆ ಬೆಸುಗೆ ಹಾಕುತ್ತಿದ್ದ. ಕಾದ ರಾಳದ ಹೊಗೆಯ ಜೊತೆಗೆ ನೆನೆದ ಕಾರ್ ಮ್ಯಾಟಿನ ಮುಗ್ಗಲು ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಶರಣಪ್ಪ ತಲೆಯೆತ್ತಿ ನನ್ನ ಕಾರಿನ ಡಿಕ್ಕಿಯ ಅಂಚಿನಲ್ಲಿದ್ದ ರಬ್ಬರ್ ಬಿರಡೆಗಳನ್ನು ನೋಡಿದ.

“ಸಾಹೇಬ್ರ, ಆ ತೂತು ಇನ್ನೂ ಸೋರ್ತಾವೇನ್ರಿ?”

“ಸೋರ್ತವೆ,” ಅಂದೆ.

ಅವನು ನಗಲಿಲ್ಲ. ಎರಡು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಡಿಕ್ಕಿಗೆ ನಾಲ್ಕು ತೂತು ಕೊರೆದವನು ಅವನೇ.

ಆಗ ನಾನು ಫೋರ್ಟಿನ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಬೇರೆಯವರು ಬರೆದ ಸುದ್ದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದನ್ನು ಪರೀಕ್ಷಿಸುವುದು ನನ್ನ ಕೆಲಸ. ಐವತ್ತು ದಾಟಿದ ಮೇಲೆ, ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರ ಹ್ಯಾಮ್ ರೇಡಿಯೊ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಿದ್ದೆ. ಅದನ್ನು ಕಲಿಸಿದವರು ಮಾಟುಂಗದ ಆಚಾರ್ಯರು. ಉಡುಪಿ ಕಡೆಯವರು, ವಯಸ್ಸು ಎಪ್ಪತ್ತನಾಲ್ಕು. ಸರಕು ಹಡಗುಗಳಲ್ಲಿ ರೇಡಿಯೊ ಆಫೀಸರ್ ಆಗಿದ್ದವರು. ಉಪಗ್ರಹದ ಫೋನು ಬಂದ ಮೇಲೆ ಆ ಹುದ್ದೆಯೇ ಇಲ್ಲವಾಯಿತು. ಆಚಾರ್ಯರು ದಡಕ್ಕೆ ಬಂದು, ಮಾಟುಂಗದ ಹಳೆಯ ಬಿಲ್ಡಿಂಗಿನ ಟೆರೇಸಿನಲ್ಲಿ ತಂತಿ ಕಟ್ಟಿ, ಪ್ರತಿ ಬೆಳಿಗ್ಗೆ ಆರೂವರೆಗೆ ಒಬ್ಬ ಮನುಷ್ಯನ ಜೊತೆ ಟೆಲಿಗ್ರಾಫಿನಂತೆ ಕುಟ್ಟುವ ಮೋರ್ಸ್ ಕೀಯಲ್ಲಿ ಮಾತಾಡುತ್ತ ಬಂದರು. ಆ ಮನುಷ್ಯ ಕುರುಪ್, ಕೇರಳದ ಕರಾವಳಿಯಲ್ಲಿದ್ದ ಅವರ ಹಡಗಿನ ಗೆಳೆಯ. ಮೂವತ್ತು ವರ್ಷ, ಒಂದೇ ಹೊತ್ತು, ಒಂದೇ ತರಂಗ.

ಆ ಏಪ್ರಿಲ್‌ನಲ್ಲಿ ಮಾಟುಂಗದ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಲು ಬಿಲ್ಡರ್‌ಗೆ ಕೊಟ್ಟರು. ಆಚಾರ್ಯರು ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆಗೆ ಹೋದರು. ಅದು ಮೊದಲ ಮಹಡಿ, ಕಿಟಕಿಯಿಂದ ಒಂದು ಗಜ ದೂರಕ್ಕೆ ಪಕ್ಕದ ಕಟ್ಟಡದ ಗೋಡೆ. ತಂತಿ ಕಟ್ಟಲು ಜಾಗವಿಲ್ಲ. ಕೊನೆಯ ದಿನ ಕುರುಪ್‌ಗೆ ಹಾಗೆಂದು ತಿಳಿಸಿದರು. ಕುರುಪ್ ಕೊಟ್ಟ ಉತ್ತರವನ್ನು ಆಚಾರ್ಯರು ನನಗೆ ಹೇಳಿದ್ದು ಎರಡು ದಿನ ಬಿಟ್ಟು. ಹೆದ್ದಾರಿ ಅಗಲ ಮಾಡಲು ಅವರ ಮನೆಯ ಜಾಗ ಹೋಗುತ್ತದೆ, ಓಣಂ ಹೊತ್ತಿಗೆ ಮನೆ ಬಿಡಬೇಕು, ಅಂಗಳದ ಆಂಟೆನಾ ಕಂಬವೂ ಇಳಿಯುತ್ತದೆ.

“ಅಷ್ಟರೊಳಗೆ ಒಂದು ವ್ಯವಸ್ಥೆ ಆಗಬೇಕು ಮಾರಾಯ್ರೆ,” ಅಂದರು. “ಇಲ್ಲದಿದ್ರೆ ಅರ್ಧ ಮಾತಿಗೆ ನಿಂತ ಹಾಗೆ ಆಯ್ತು.”

ಮೊದಲು ನಮ್ಮ ಸೊಸೈಟಿಯ ಟೆರೇಸ್ ಕೇಳಿದೆವು. ಸೆಕ್ರೆಟರಿ ಅರ್ಜಿಯ ಮೊದಲ ಸಾಲು ಓದಿ, “ಟವರ್ ನಹೀ ಚಲೇಗಾ, ರೇಡಿಯೇಶನ್ ಹೋತಾ ಹೈ,” ಅಂದರು. ಅವರದೇ ಬಾಲ್ಕನಿಯ ಎದುರು ಪಕ್ಕದ ಬಿಲ್ಡಿಂಗಿನ ನೆತ್ತಿಯಲ್ಲಿ ಮೊಬೈಲ್ ಕಂಪನಿಯ ಟವರ್ ನಿಂತಿತ್ತು. ಅದನ್ನು ತೋರಿಸಿದೆ. “ವೋ ಉನ್‌ಕಾ ಹೈ,” ಅದು ಆ ಬಿಲ್ಡಿಂಗಿನವರದು ಅಂದರು. ಹಾಗಾಗಿ ರೇಡಿಯೊ ಕಾರಿಗೆ ಬಂತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ಆ ಮಳೆಗಾಲದ ಸಿಟ್ಟೆಲ್ಲ ಅದರ ಸುತ್ತ ಸುತ್ತಿತು. ಆಚಾರ್ಯರ ಹತ್ತಿರ ಫೋನಿತ್ತು, ಕುರುಪ್ ಹತ್ತಿರವೂ ಇತ್ತು. ಆದರೆ ಗಾಳಿಯಲ್ಲಿ ಆಡುವ ಮಾತಿನ ಬಗ್ಗೆ ಫೋನಿನಲ್ಲಿ ಕೇಳುವಂತಿಲ್ಲ ಎಂಬುದು ಅವರಿಬ್ಬರ ಕಟ್ಟು. ಮೊದಲ ವರ್ಷ ಒಮ್ಮೆ ಆಚಾರ್ಯರು ಟ್ರಂಕ್ ಕಾಲ್ ಮಾಡಿ, ಈಗ ಕಳಿಸುತ್ತೇನೆ, ಕೇಳು ಅಂದಿದ್ದರಂತೆ. “ಫೋನಲ್ಲಿ ಹೇಳಿಯಾಯ್ತಲ್ಲ, ಇನ್ನು ಕೀ ಯಾಕೆ?” ಎಂದು ಕುರುಪ್ ಫೋನಿಟ್ಟರಂತೆ. ಅಂದಿನಿಂದ ಸಾವು, ಮದುವೆ ಬಿಟ್ಟರೆ ಫೋನಿಲ್ಲ. ಒಬ್ಬ ಕರೆಯಬೇಕು, ಇನ್ನೊಬ್ಬನಿಗೆ ಕೇಳಿದರೆ ಉತ್ತರಿಸಬೇಕು. ಕೇಳದಿದ್ದರೆ ನಾಳೆ.

ಜೂನ್ ಮೊದಲ ವಾರ ಶರಣಪ್ಪನ ಅಂಗಡಿಯಲ್ಲಿ ಕೆಲಸ ಶುರುವಾಯಿತು. ಅವನು ವಿಜಾಪುರದ ಕಡೆಯವನು, ಕಾರಿನ ವೈರಿಂಗ್ ಕೆಲಸದಲ್ಲಿ ಪಳಗಿದವನು. ನಮಗೆ ಅವನ ಪರಿಚಯವಾದದ್ದು ಕಾರು ಹೊಸದಾಗಿ ಬಂದಾಗ. ಹೆಂಡತಿ ಸುಮಾ ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಿಳಿ ಗಣಪತಿಯನ್ನು ಕೂರಿಸಿದ್ದಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಹಿಂದೆ ಪ್ರಭಾವಳಿಯಂತೆ ಸಣ್ಣ ಎಲ್‌ಇಡಿ ದೀಪಗಳು. ಕಾರಿನ ಚಾವಿ ತೆಗೆದರೂ ದೀಪ ಆರಬಾರದು ಎಂದು ಅವಳು ಹೇಳಿದ್ದಕ್ಕೆ ಶರಣಪ್ಪ ಅದನ್ನು ನೇರ ಬ್ಯಾಟರಿಗೆ ಜೋಡಿಸಿದ್ದ. ಹಗಲೂ ರಾತ್ರಿಯೂ ಅದು ಹತ್ತಿಯೇ ಇರುತ್ತಿತ್ತು. ನಮಗೆ ಅದು ಕಾಣುವುದೇ ನಿಂತುಹೋಗಿತ್ತು.

ಏಳು ಅಡಿ ಉದ್ದದ ಆಂಟೆನಾ, ನಡುವೆ ತಾಮ್ರದ ಸುರುಳಿ. ಅದನ್ನು ಡಿಕ್ಕಿಯ ಅಂಚಿಗೆ ಪಟ್ಟಿ ಹಾಕಿ ನಿಲ್ಲಿಸಬೇಕು. ಶರಣಪ್ಪ ಅಚ್ಚುಕಟ್ಟಾಗಿ ರಬ್ಬರ್ ಹಾಸಿ, ಟೇಪು ಸುತ್ತಿ, ಬಣ್ಣಕ್ಕೆ ಒಂದು ಗೀರೂ ಬೀಳದಂತೆ ಕೂರಿಸಿದ. ಆಚಾರ್ಯರು ಮೀಟರ್ ಹಚ್ಚಿ ನೋಡಿ ತಲೆ ಹಿಡಿದುಕೊಂಡರು.

“ಎಂತ ಮಾಡಿದ್ದಿ ಮಾರಾಯ? ಆಂಟೆನಾಕ್ಕೆ ಕಾರಿನ ಕಬ್ಬಿಣ ತಾಗಬೇಕು. ನೀನು ಮಗುವಿಗೆ ಸ್ವೆಟರ್ ಹಾಕಿದ ಹಾಗೆ ಸುತ್ತಿದ್ದಿ.”

“ಅಜ್ಜಾರ, ಬಣ್ಣ ಕೆರದ್ರ ಮಳ್ಯಾಗ ಜಂಗ ಹಿಡೀತೈತ್ರಿ. ಚಲೋ ಗಾಡಿ ಐತಿ.”

“ಕೆರಿ.”

“ಸಾಹೇಬ್ರ, ನೀವರ ಹೇಳ್ರಿ.”

ನಾನು ಕೆರೆಯಲು ಹೇಳಿದೆ. ಬಣ್ಣ ಕೆರೆದು, ನಾಲ್ಕು ತೂತು ಕೊರೆದು, ಡಿಕ್ಕಿಯ ಬಾಗಿಲಿಗೂ ಕಾರಿನ ಒಡಲಿಗೂ ಹೆಣೆದ ತಾಮ್ರದ ಪಟ್ಟಿ ಬಿಗಿದೆವು. ಬ್ಯಾಟರಿಯಿಂದ ದಪ್ಪ ತಂತಿ ಎಳೆದು ಮುಂದಿನ ಸೀಟಿನ ಕೆಳಗೆ ರೇಡಿಯೊ ಇಟ್ಟೆವು. ಮೋರ್ಸ್ ಕೀಯನ್ನು ಆಚಾರ್ಯರು ರೊಟ್ಟಿ ಮಣೆಯಂಥ ಹಲಗೆಗೆ ಮೊಳೆ ಹೊಡೆದು ತೊಡೆಯ ಮೇಲೆ ಇಟ್ಟುಕೊಂಡರು. ಇಷ್ಟಕ್ಕೆ ಹನ್ನೊಂದು ದಿನ ಬೇಕಾಯಿತು. ಅದರಲ್ಲಿ ನಾಲ್ಕು ದಿನ ಅಂಗಡಿಯೊಳಗೆ ನೀರು. ಮನೆಗೆ ತಂದ ಮೊದಲ ಸಂಜೆಯೇ ಪಾರ್ಕಿಂಗಿನ ಸೂರಿಗೆ ಬಡಿದು ಆಂಟೆನಾದ ತುದಿ ಬಾಗಿತು. ಅಂದಿನಿಂದ ಬೆಳಿಗ್ಗೆ ಬಿಚ್ಚಿ ಜೋಡಿಸುವುದು, ವಾಪಸು ಬಂದು ಬಿಚ್ಚಿಡುವುದು.

ಕೊನೆಗೆ ಒಂದು ಬೆಳಿಗ್ಗೆ ಆಚಾರ್ಯರು ಮೊದಲ ಸ್ಲೋ ಲೋಕಲ್ ಹಿಡಿದು ಮುಲುಂಡಿಗೆ ಬಂದರು. ಸೊಸೈಟಿಯ ಅಂಗಳದಲ್ಲೇ ಕಾರಿನಲ್ಲಿ ಕೂತು ರೇಡಿಯೊ ಹಚ್ಚಿದೆವು. ಬಾಣಲೆಗೆ ಒಗ್ಗರಣೆ ಹಾಕಿದಂತೆ ಚರ್ ಎಂಬ ಸದ್ದು ತುಂಬಿಕೊಂಡಿತು. ಸದ್ದಳೆಯುವ ಮೀಟರಿನ ಮುಳ್ಳು ಒಂಬತ್ತಕ್ಕೆ ಹೋಗಿ ನಿಂತಿತು. ಅದರಡಿಯಲ್ಲಿ ಯಾವ ದನಿ ಇದ್ದರೂ ಕೇಳುವಂತಿರಲಿಲ್ಲ.

“ಊರಿನ ಗಲಾಟೆ ಇದು,” ಅಂದರು ಆಚಾರ್ಯರು. “ಪ್ರತಿ ಮನೆಯಲ್ಲಿ ಚಾರ್ಜರು, ಇನ್ವರ್ಟರು. ಎಲ್ಲ ಸೇರಿ ಕೂಗ್ತಾವೆ.” ಹಾಗೆಂದು ಸುಮ್ಮನಾಗಲಿಲ್ಲ. ಗಡಿಯಾರ ನೋಡಿ, ಸರಿಯಾಗಿ ಆರೂವರೆಗೆ ಕುರುಪ್‌ರನ್ನು ಕರೆದರು. ಮೂರು ನಿಮಿಷ ಕರೆದು, ಮೂರು ನಿಮಿಷ ಕಿವಿಗೊಟ್ಟು, ಮತ್ತೆ ಕರೆದರು. ಹಡಗಿನ ರೇಡಿಯೊ ಕೋಣೆಯ ಗಡಿಯಾರದಲ್ಲಿ ಆಲಿಸಲೆಂದೇ ಕೆಂಪು ಬಣ್ಣ ಬಳಿದ ಮೂರು ಮೂರು ನಿಮಿಷದ ಭಾಗಗಳಿರುತ್ತಿದ್ದವಂತೆ. ಅವರಿಗೆ ಆ ಅಳತೆ ಮೈಗೇ ಹತ್ತಿತ್ತು. ಏಳು ಗಂಟೆಗೆ ನಿಲ್ಲಿಸಿದರು.

ನಾನು ಒಂದು ನೋಟ್‌ಬುಕ್ ಇಟ್ಟೆ. ದಿನ, ಜಾಗ, ಹವೆ, ಮುಳ್ಳು ಎಷ್ಟು, ಏನು ಬದಲಿಸಿದೆವು, ಉತ್ತರ. ಮೊದಲ ಸಾಲಿನ ಕೊನೆಯಲ್ಲಿ ‘ಇಲ್ಲ’ ಎಂದು ಬರೆದೆ.

ಆಮೇಲೆ ನನ್ನ ಪಾಳಿಗೆ ಹೊಂದಿದ ಬೆಳಿಗ್ಗೆಗಳಲ್ಲೆಲ್ಲ ನಿಶ್ಶಬ್ದ ಹುಡುಕುವುದೇ ಕೆಲಸವಾಯಿತು. ಉಪ್ಪಿನ ಗದ್ದೆಗಳ ಪಕ್ಕದ ರಸ್ತೆಗೆ ಹೋದೆವು. ಮುಳ್ಳು ಒಂಬತ್ತು. ಅಲ್ಲಿ ರೈಲಿನ ಹೈಟೆನ್ಶನ್ ತಂತಿ ಹತ್ತಿರ ಎಂದುಕೊಂಡೆವು. ಐರೋಲಿ ಸೇತುವೆಯ ಕಡೆ ಹೋದೆವು, ಒಂಬತ್ತು. ಅಲ್ಲಿ ವಿದ್ಯುತ್ ಕಂಬಗಳನ್ನು ಬೈದೆವು. ಮುಲುಂಡ್ ಕಾಲೊನಿ ದಾಟಿ ಗುಡ್ಡದ ಬುಡದಲ್ಲಿ, ಕಾಡು ಶುರುವಾಗುವಲ್ಲಿ ನಿಂತೆವು, ಒಂಬತ್ತು. ಮಳೆಯ ಹನಿಯಿಂದಲೂ ಸದ್ದು ಬರುತ್ತದೆ ಎಂದು ಆಚಾರ್ಯರು ವಿವರಿಸಿದರು. ಮಳೆಯಿಲ್ಲದ ದಿನ ಅದೇ ಜಾಗಕ್ಕೆ ಹೋದೆವು. ಒಂಬತ್ತು. ಪ್ರತಿ ಸಲವೂ ನಾನು ಶಿಸ್ತಾಗಿ ಬರೆದೆ. ಬರೆದದ್ದನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿದ್ದರೆ, ಜಾಗ ಬದಲಾದರೂ ಅಂಕಿ ಬದಲಾಗಿಲ್ಲ, ಸದ್ದು ನಮ್ಮ ಜೊತೆಗೇ ಪ್ರಯಾಣ ಮಾಡುತ್ತಿದೆ ಎಂದು ಯಾರಿಗಾದರೂ ಹೊಳೆಯುತ್ತಿತ್ತು. ಟ್ರೈನಿ ವರದಿಗಾರರು ಇಂಥ ಕಾಪಿ ತಂದುಕೊಟ್ಟರೆ ನಾನು ಮುಖಕ್ಕೆ ಹಿಡಿದು ತೋರಿಸುತ್ತಿದ್ದೆ.

ಜುಲೈ ಮಧ್ಯದಲ್ಲಿ ಸೇತುವೆಯ ಬಳಿ ಹವಾಲ್ದಾರರೊಬ್ಬರು ಗಾಜು ತಟ್ಟಿದರು. ಮಳೆಯಲ್ಲಿ ಕಾರು, ಅದರ ಮೇಲೆ ಏಳಡಿ ಕೋಲು, ಒಳಗೆ ಮುದುಕರೊಬ್ಬರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದಾರೆ.

“ಹೇ ಕಾಯ್ ಆಹೇ? ಪುಲೀಸ್ ಕಾ ವೈರ್‌ಲೆಸ್ ಸುನತೇ ಹೋ ಕ್ಯಾ?”

ಪೊಲೀಸರ ಮಾತು ಕದ್ದು ಕೇಳುತ್ತಿದ್ದೇವೆಂದು ಅವರ ಅನುಮಾನ. ಲೈಸೆನ್ಸ್ ತೋರಿಸಿದೆವು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಫೋಟೋ ತೆಗೆದು ಯಾರಿಗೋ ಕಳಿಸಿದರು. ಉತ್ತರ ಬರುವವರೆಗೆ ಕಾಯಬೇಕಾಯಿತು. ಬಾಗಿಲ ಬಳಿ ಬಗ್ಗಿ ರೇಡಿಯೊದ ಸದ್ದು ಕೇಳಿದರು.

“ಕುಛ್ ಸುನಾಯೀ ತೊ ನಹೀ ದೇ ರಹಾ,” ಅಂದರು, ಏನೂ ಕೇಳಿಸುತ್ತಿಲ್ಲವಲ್ಲ ಎಂದು.

“ಅದೇ ನಮ್ಮ ಕಷ್ಟ,” ಅಂದರು ಆಚಾರ್ಯರು ಕನ್ನಡದಲ್ಲಿ. ಅಂದು ಆರೂವರೆ ತಪ್ಪಿಹೋಯಿತು. ಆ ಸಿಟ್ಟು ಅವರಿಗೆ ಮೂರು ದಿನ ಇಳಿಯಲಿಲ್ಲ.

ಮತ್ತೆ ಶರಣಪ್ಪ. ಈ ಸಲ ನಾನು ಕಾರಿನಲ್ಲಿ ಕರೆಂಟು ತಿನ್ನುವ ವಸ್ತುಗಳ ಪಟ್ಟಿ ಮಾಡಿದೆ. ಎಸಿ, ಸ್ಟೀರಿಯೊ, ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಹಿಂಬದಿಯ ಸೆನ್ಸರ್, ಒಳದೀಪ, ಗಡಿಯಾರ, ಹಾರ್ನ್. ಶರಣಪ್ಪ ಫ್ಯೂಸ್ ಡಬ್ಬಿ ತೆರೆದು ಒಂದೊಂದೇ ಫ್ಯೂಸ್ ಕಿತ್ತ. ನಾನು ಪಟ್ಟಿಯಲ್ಲಿ ಒಂದೊಂದೇ ಗುರುತು ಹಾಕಿದೆ. ಕೊನೆಯ ಫ್ಯೂಸ್ ತೆಗೆದಾಗ ಕಾರು ಪೂರ್ತಿ ಸತ್ತಿತ್ತು. ಒಗ್ಗರಣೆ ಚರಗುಟ್ಟುತ್ತಲೇ ಇತ್ತು. ಕತ್ತಲಾಗಿದ್ದ ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಒಂದು ಬೆಳಕು ಉಳಿದಿತ್ತು. ಆ ಬೆಳಕಿನಲ್ಲಿಯೇ ನಾನು ಪಟ್ಟಿ ಓದುತ್ತಿದ್ದೆ.

“ರೇಡಿಯೊನ ಕೆಟ್ಟೈತ್ರಿ,” ಎಂದ ಶರಣಪ್ಪ. ರೇಡಿಯೊವನ್ನು ಫೋರ್ಟಿನ ಹತ್ತಿರದ ರಿಪೇರಿಯವರಿಗೆ ಕೊಟ್ಟೆ. ಒಂಬತ್ತು ದಿನ ಇಟ್ಟುಕೊಂಡು, ಏನೂ ಆಗಿಲ್ಲ ಎಂದು ವಾಪಸು ಕೊಟ್ಟರು.

ಆಗಸ್ಟ್ ಬಂತು. ರಾತ್ರಿ ಪಾಳಿ ಮುಗಿಸಿ ಬಂದು ಐದಕ್ಕೆ ಏಳುವುದು ನನಗೆ ಸಾಕಾಗಿತ್ತು. ಒಂದು ಬೆಳಿಗ್ಗೆ ಗುಡ್ಡದ ಬುಡದಲ್ಲಿ, ಕರೆದು ಮುಗಿದ ಮೇಲೆ ನೇರವಾಗಿ ಹೇಳಿಬಿಟ್ಟೆ.

“ಆಚಾರ್ರೇ, ಒಂದು ಫೋನ್ ಮಾಡಿ. ನಾವು ಕರೆಯೋದು ಅವರಿಗೆ ಕೇಳಿಸ್ತಿದೆಯಾ ಇಲ್ವಾ, ಅಷ್ಟೇ ಕೇಳಿ.”

“ನೀವು ಪೇಪರಿನವರು. ಎಲ್ಲದಕ್ಕೂ ಫೋನ್ ಮಾಡಿ ಕೇಳಿ ಅಭ್ಯಾಸ.”

“ಎರಡು ಕಡೆಯವರನ್ನೂ ಕೇಳದೆ ನಾವು ಎರಡು ಸಾಲು ಕೂಡ ಹಾಕಲ್ಲ.”

“ಅವನೂ ಮಾಡ್ಲಿಲ್ಲ ಅಲ್ಲವಾ? ಅವನು ಕಟ್ಟು ಮುರೀಲಿಲ್ಲ. ನಾನು ಮುರೀಬೇಕಾ?”

“ಓಣಂ ಬರ್ತಿದೆ. ಕಂಬ ಇಳಿದ ಮೇಲೆ ಕಟ್ಟು ಇಟ್ಕೊಂಡು ಏನು ಮಾಡ್ತೀರಿ?”

ಅವರು ಹಲಗೆಯನ್ನು ಸೀಟಿನ ಮೇಲಿಟ್ಟು ಕಾರಿನಿಂದ ಇಳಿದರು. ಕೊಡೆ ಬಿಚ್ಚಲಿಲ್ಲ. ನಾನು ಪಕ್ಕದಲ್ಲೇ ನಿಧಾನವಾಗಿ ಕಾರು ಓಡಿಸುತ್ತ ಹತ್ತಿ ಎಂದು ಕರೆಯುತ್ತಿದ್ದೆ. ಸ್ವಲ್ಪ ದೂರ ನಡೆದು, ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೋದರು. ಮರುದಿನ ಬರಲಾರರು ಅಂದುಕೊಂಡೆ. ಮೊದಲ ಲೋಕಲ್‌ಗೇ ಬಂದರು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕುರುಪ್‌ರ ನಂಬರು ನನ್ನ ಹತ್ತಿರವೂ ಇತ್ತು. ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಅವರ ಮಾತಿನ ನಡುವೆ ಹೋಗಲು ನನಗೆ ಹಕ್ಕಿಲ್ಲ ಎಂದು ಆಗ ಅನ್ನಿಸಿತ್ತು. ಈಗ ಅದು ಮರ್ಯಾದೆಯೋ, ಸೋಮಾರಿತನವೋ ಖಾತ್ರಿಯಿಲ್ಲ.

ಗಣೇಶ ಚೌತಿಯ ದಿನ ಆಚಾರ್ಯರನ್ನು ಊಟಕ್ಕೂ ಕರೆದಿದ್ದೆವು. ದೂರ ಹೋಗುವ ಉತ್ಸಾಹ ಉಳಿದಿರಲಿಲ್ಲ. ಸೊಸೈಟಿಯ ಅಂಗಳದಲ್ಲೇ ಕಾರನ್ನು ಹೊರಗೆ ನಿಲ್ಲಿಸಿ ಆಂಟೆನಾ ಜೋಡಿಸಿದೆ. ಆರೂವರೆಗೆ ಐದು ನಿಮಿಷ ಇರುವಾಗ ಆಚಾರ್ಯರು ರೇಡಿಯೊ ಹಚ್ಚಿದರು.

ಸದ್ದಿಲ್ಲ.

“ಫ್ಯೂಸ್ ಹೋಯ್ತು ಕಾಣ್ತದೆ,” ಅಂದರು. ನಾನು ಬಗ್ಗಿ ನೋಡಿದೆ. ರೇಡಿಯೊದ ದೀಪ ಹತ್ತಿತ್ತು. ಮುಳ್ಳು ಒಂದರ ಮೇಲೆ ಸುಮ್ಮನೆ ನಿಂತಿತ್ತು. ಮೀಟರ್ ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದೆ. ಆಚಾರ್ಯರು ಕೈಯೆತ್ತಿ ತಡೆದರು. ಎಲ್ಲೋ ದೂರದಿಂದ ಯಾವ ಯಾವುದೋ ಊರಿನವರ ಮೋರ್ಸ್ ಸಣ್ಣಗೆ ಕೇಳುತ್ತಿತ್ತು. ಆ ಮಳೆಗಾಲದಲ್ಲಿ ನಾವು ಕೇಳಿದ ಮೊದಲ ಮನುಷ್ಯರು.

ಅಷ್ಟರಲ್ಲಿ ಸುಮಾ ಮೆಟ್ಟಿಲಿಳಿದು ಬಂದಳು. ತಲೆಗೆ ಸ್ನಾನದ ಟವೆಲ್, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕಾರಿನ ಗಣಪತಿ. ಚೌತಿಯ ದಿನ ಮನೆಯಲ್ಲಿರುವ ಗಣಪತಿಗಳಿಗೆಲ್ಲ ಅಭಿಷೇಕ ಮಾಡುವುದು ಅವಳ ತವರಿನ ಪದ್ಧತಿ.

“ರೀ, ಬೆಳಿಗ್ಗೆ ಇವನನ್ನ ಎತ್ಕೊಂಡಾಗ ವೈರು ಕಿತ್ಕೊಂಡು ಬಂತು. ಶರಣಪ್ಪನಿಗೆ ಹೇಳಿ ಹಾಕಿಸಿ.”

ನಾನು ಡ್ಯಾಶ್‌ಬೋರ್ಡ್ ನೋಡಿದೆ. ಗಣಪತಿ ಕೂರುತ್ತಿದ್ದ ಜಾಗದಲ್ಲಿ ಅಂಟಿನ ಒಂದು ಚಕ್ರ, ಎರಡು ತಂತಿಯ ತುದಿ. ಆಚಾರ್ಯರು ರೇಡಿಯೊದತ್ತ ಬೆರಳು ತೋರಿಸಿದರು. ಅವಳಿಗೇ ಅರ್ಥವಾಯಿತು.

“ಇದರಿಂದನಾ ನೀವು ಇಷ್ಟು ದಿನ ಊರು ಸುತ್ತಿದ್ದು? ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ಈ ದೀಪ ಹಾಕಿಸಿದಾಗಿನಿಂದ ನನ್ನ ಎಫ್‌ಎಂ ಕೂಡ ಗರಗರ ಅನ್ನತ್ತೆ.”

ಶರಣಪ್ಪನನ್ನು ಕೇಳಿದ್ದೆ, ರಿಪೇರಿಯವರನ್ನು ಕೇಳಿದ್ದೆ, ಅಷ್ಟು ತಿಂಗಳು ನನ್ನ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದವಳನ್ನು ಕೇಳಿರಲಿಲ್ಲ. ಪಟ್ಟಿಯಲ್ಲಿ ಎಲ್ಲವೂ ಇತ್ತು, ದೇವರಿರಲಿಲ್ಲ. ಅದರ ದೀಪವೂ ಚಾರ್ಜರಿನಂತೆ ಕೂಗುವ ಯಂತ್ರ ಎಂದು ನಮ್ಮ ಮೂವರಲ್ಲಿ ಯಾರಿಗೂ ತೋಚಿರಲಿಲ್ಲ. ಆಮೇಲೆ ಸುದ್ದಿ ಕೇಳಿ ಶರಣಪ್ಪ, “ವಿಘ್ನ ಕಳಿಯೋನ ವಿಘ್ನ ಆಗಿ ಕುಂತಿದ್ನಲ್ರೀ,” ಅಂದ. ತಂತಿ ಜೋಡಿಸಿದ್ದು ತಾನೇ ಎಂಬುದನ್ನು ನೆನಪಿಸಿಕೊಂಡವನಂತೆ ಒಡನೆ ಬೆಸುಗೆ ಕಡ್ಡಿ ಕೈಗೆತ್ತಿಕೊಂಡ.

ಆರೂವರೆಗೆ ಆಚಾರ್ಯರು ಕರೆದರು. ಕೀ ಮೇಲಿನಿಂದ ಬೆರಳು ತೆಗೆಯುವ ಮೊದಲೇ ಉತ್ತರ ಬಂತು. ಸ್ಪಷ್ಟವಾದ, ಸ್ವಲ್ಪ ಕುಂಟುವ ಕೈ. ಆಚಾರ್ಯರು ಪೆನ್ಸಿಲ್ ಹಿಡಿದು ಬರೆಯತೊಡಗಿದರು, ಅರ್ಧದಲ್ಲಿ ನಿಲ್ಲಿಸಿದರು. ಏನಂತೆ ಎಂದು ಕೇಳಿದೆ.

“ನನ್ನ ಸಿಗ್ನಲ್ ಕರೆದಾಗೆಲ್ಲ ಚೆನ್ನಾಗಿ ಬರ್ತಿತ್ತಂತೆ. ಜೂನ್‌ನಿಂದ. ಪ್ರತಿ ಸಲವೂ ಉತ್ತರ ಕೊಟ್ಟಿದ್ದಾನಂತೆ.” ಪೆನ್ಸಿಲ್ ಕೆಳಗಿಟ್ಟು ಹೇಳಿದರು, “ನೀನು ಯಾಕೆ ಮಾತಾಡುವುದಿಲ್ಲ ಅಂತ ಕೇಳ್ತಾನೆ.”

ನಮ್ಮ ಗಣಪತಿಯ ಗದ್ದಲ ನಮ್ಮ ಕಿವಿಯನ್ನು ಮುಚ್ಚಿತ್ತೇ ಹೊರತು ನಾವು ಕಳಿಸಿದ್ದನ್ನಲ್ಲ. ಇದನ್ನು ಪರೀಕ್ಷೆಗೆ ಓದಿದ್ದೆ, ಅಂಕವೂ ಸಿಕ್ಕಿತ್ತು.

ಅವರಿಗೆ ಸಿಕ್ಕಿದ್ದು ಆರು ಬೆಳಗು. ಏಳನೆಯ ದಿನ ಕುರುಪ್, ಕಂಬ ಇಳಿಸುವವರು ಬಂದಿದ್ದಾರೆ, ಏಣಿ ಇಡುತ್ತಿದ್ದಾರೆ ಎಂದು ಎರಡೇ ಸಾಲು ಕಳಿಸಿದರು. ಆಚಾರ್ಯರು ಉತ್ತರ ಕೊಟ್ಟರು. ಆ ಕಡೆಯಿಂದ ಮತ್ತೇನೂ ಬರಲಿಲ್ಲ. ಏಳು ಗಂಟೆಯವರೆಗೂ ಕೂತಿದ್ದು, ತಾವೇ ಆಂಟೆನಾ ಬಿಚ್ಚಿದರು.

ಒಂದು ತಿಂಗಳ ಮೇಲೆ ಮಾಟುಂಗದ ಹೋಟೆಲಿಗೆ ನನ್ನನ್ನು ಕರೆದರು. ನೋಟ್‌ಬುಕ್ ತನ್ನಿ ಅಂದರು. ಅವರ ಮುಂದೆ ಅಂಚೆಯಲ್ಲಿ ಬಂದ ದಪ್ಪ ಲಕೋಟೆ ಇತ್ತು. ಕುರುಪ್ ತಮ್ಮ ದಾಖಲೆ ಪುಸ್ತಕದ ಆ ಮಳೆಗಾಲದ ಪುಟಗಳನ್ನು ನಕಲು ಮಾಡಿ ಕಳಿಸಿದ್ದರು. ನಾವು ಕರೆದ ಪ್ರತಿ ದಿನಕ್ಕೆ ಒಂದು ಸಾಲು, ತಾವು ಅಂದು ಕಳಿಸಿದ ಉತ್ತರ ಏನೆಂಬುದು. ಆಚಾರ್ಯರು ಒಂದೊಂದೇ ಕನ್ನಡಕ್ಕೆ ಮಾಡಿ ಓದಿದರು. ಕಾಫಿ ಪುಡಿ ಮುಗಿದಿದೆ. ಮಳೆ ಜೋರು. ಹೆಂಡತಿಗೆ ಜ್ವರ. ಹೆಂಡತಿಗೆ ಜ್ವರ ಬಿಟ್ಟಿತು. ಅಂಗಳದ ಹಲಸಿನ ಮರ ಕಡಿದರು. ಇಂದು ವಿಷಯವೇನಿಲ್ಲ, ಸುಮ್ಮನೆ ಉತ್ತರಿಸಿದೆ.

ನನ್ನ ಪುಸ್ತಕದಲ್ಲಿ ಉತ್ತರದ ಕಾಲಮ್ಮಿನಲ್ಲಿ ನಲವತ್ತೊಂದು ‘ಇಲ್ಲ’ ಇದ್ದವು. ನಮ್ಮ ವೃತ್ತಿಯಲ್ಲಿ ತಪ್ಪು ಛಾಪಿಸಿದರೆ ಒಳಪುಟದಲ್ಲಿ ಸಣ್ಣ ಅಕ್ಷರದ ತಿದ್ದುಪಡಿ ಹಾಕುತ್ತೇವೆ. ಆಚಾರ್ಯರು ಓದುತ್ತ ಹೋದಂತೆ ನಾನು ‘ಇಲ್ಲ’ ಹೊಡೆದು ಪಕ್ಕದಲ್ಲಿ ‘ಇತ್ತು’ ಎಂದು ಬರೆಯುತ್ತ ಹೋದೆ. ಮಾಣಿ ಎರಡು ಸಲ ಬಂದು, ಇನ್ನೇನಾದರೂ ಬೇಕೇ ಎಂದು ಕೇಳಿ ಹೋದ.

ಇಪ್ಪತ್ತೊಂಬತ್ತನೆಯ ಸಾಲಿಗೆ ಅವರು ನಿಂತರು. ಗುಡ್ಡದ ಬುಡದಲ್ಲಿ ನನ್ನ ಮೇಲೆ ಸಿಟ್ಟು ಮಾಡಿ ಇಳಿದು ಹೋದ ದಿನ ಅದು.

“ಅಳತೆಯವರು ಮನೆಯ ಒಳಗೆ ಬಂದು ಗೋಡೆಗೆ ಕೆಂಪು ಗೀಟು ಎಳೆದರು,” ಎಂದು ಓದಿದರು. “ನಿನ್ನ ಹತ್ತಿರ ಮಾತಾಡಬೇಕಿತ್ತು.”

ಕಾಗದ ಕೆಳಗಿಟ್ಟರು. ಬಲಗೈಯ ಎರಡು ಬೆರಳು ಮೇಜಿನ ಅಂಚಿನಲ್ಲಿ ಕುಟುಕಲು ಶುರುಮಾಡಿದವು. ಒಂದು ನಿಮಿಷವಾದರೂ ಕುಟುಕಿದರು, ಏನನ್ನೋ ಪೂರ್ತಿ ಹೇಳಿ ಮುಗಿಸುವವರಂತೆ. ಅಷ್ಟು ವೇಗದ ಮೋರ್ಸ್ ಓದಲು ನನಗೆ ಬರುತ್ತಿರಲಿಲ್ಲ. ಏನೆಂದು ಕೇಳಲಿಲ್ಲ. ಆ ಸಾಲಿನ ‘ಇಲ್ಲ’ ಹೊಡೆದು ‘ಇತ್ತು’ ಎಂದು ಬರೆದೆ. ಅವರು ಕಾಗದ ಕೈಗೆತ್ತಿಕೊಳ್ಳಲಿ ಎಂದು ಕಾದು, ಮುಂದಿನ ದಿನಕ್ಕೆ ಹೋದೆ.